ಅಕ್ಷರ ತಿಳಿಯದವನ ನಾಣ್ಯ

ನನ್ನ ದೊಡ್ಡಮ್ಮನಿಗೆ,

ತೊಂಡಾಮುತ್ತೂರಿನ ತೋಟದಲ್ಲಿ ತೆಂಗಿನ ಸಸಿಗೆ ಗುಂಡಿ ತೋಡುವಾಗ ನಿನ್ನ ಗುದ್ದಲಿ ಮಡಕೆಗೆ ತಾಗಿದ್ದು ನೆನಪಿದೆಯಾ? ಒಳಗೆ ಕಪ್ಪಗಾದ ಬಿಲ್ಲೆಗಳು. ಅಕ್ಕಸಾಲಿ ಒಂದನ್ನು ಉಜ್ಜಿ ನೋಡಿ, ಬೆಳ್ಳಿ, ಕರಗಿಸಿದರೆ ಹುಡುಗಿಯ ಮದುವೆಗೆ ಕಾಲ್ಗೆಜ್ಜೆಯಾಗುತ್ತದೆ ಎಂದ. ಅಪ್ಪನೂ ಒಪ್ಪಿದರು. ನೀನು ಮಾತ್ರ ಮಡಕೆಯನ್ನು ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟೆ, ಉಜ್ಜಿದ ಬಿಲ್ಲೆಯ ಮೇಲಿನ ಮುಖ ನೋಡುತ್ತಾ.

“ಇದ್ರಲ್ಲಿ ಯಾರ್ದೋ ಮೂಂಜಿ ಐತೆ ಅಮ್ಮಣಿ. ಯಾರೂಂತ ತಿಳೀದೆ ಒಲೇಗ್ ಹಾಕ್ಬಾರ್ದು. ನಿನ್ ಕಾಲೇಜಲ್ಲಿ ಕೇಳ್ಕೊಂಡ್ ಬಾ.”

ಭಾನುವಾರ ನಮ್ಮ ಇತಿಹಾಸದ ಮೇಷ್ಟ್ರು ಭೂತಗನ್ನಡಿ ಹಿಡಿದು ಬಸ್ಸಿಳಿದರು. ಇವು ಸರ್ಕಾರಕ್ಕೆ ಸೇರಬೇಕಾದವು ಎಂದು ಮೊದಲೇ ಹೇಳಿದರು. “ಕೊಡೋಣ ಸಾರ್, ಯಾರೂಂತ ಹೇಳಿ ಮೊದ್ಲು” ಎಂದೆ ನೀನು. ಎರಡು ಸಾವಿರ ವರ್ಷದ ಹಿಂದಿನ ರೋಮಿನ ಚಕ್ರವರ್ತಿಗಳು! ಹಿಂಬದಿಯಲ್ಲಿ ಗುರಾಣಿ ಹಿಡಿದ ಇಬ್ಬರು ಹುಡುಗರಿದ್ದರೆ ಮುಂದೆ ಅಗಸ್ಟಸ್; ಕೂತ ಹೆಂಗಸಿದ್ದರೆ ಟಿಬೇರಿಯಸ್. ಮುಖದ ಸುತ್ತ ಬಿಡುವಿಲ್ಲದೆ ಓಡುವ ಅಕ್ಷರಗಳಲ್ಲಿ ನಾನು ತಡವರಿಸುತ್ತಿದ್ದೆ. ತಮಿಳೂ ಕನ್ನಡವೂ ಓದಲು ಬಾರದ ನೀನು ಹಿಂಬದಿ ತಿರುಗಿಸದೆ, ಮೂಗು ನೋಡಿಯೇ ಎರಡು ಗುಡ್ಡೆ ಮಾಡಿದೆ. ಮೇಷ್ಟ್ರು ಒಂದೊಂದನ್ನೂ ಮಗುಚಿ ನೋಡಿದರು. ಒಂದೂ ತಪ್ಪಿರಲಿಲ್ಲ.

ಕೊನೆಗೊಂದು ನಾಣ್ಯವನ್ನು ನೀನು ಯಾವ ಗುಡ್ಡೆಗೂ ಹಾಕದೆ ಅಂಗೈಯಲ್ಲೇ ಇಟ್ಟುಕೊಂಡೆ.

“ಟಿಬೇರಿಯಸ್ಸೇ ಅಲ್ವಾಮ್ಮಾ?” ಎಂದರು ಮೇಷ್ಟ್ರು.

“ಅವನ್ ತರಾನೇ ಅವ್ನೆ. ಆದ್ರೆ ಅವನಲ್ಲ. ಕಣ್ ನೋಡಿ.”

ನಾನು ಭೂತಗನ್ನಡಿ ಹಿಡಿದು ಅಕ್ಷರ ಓದಲು ಹೋದೆ. ಅಲ್ಲಿ ಅಕ್ಷರಗಳೇ ಇರಲಿಲ್ಲ, ಅಕ್ಷರದಂತೆ ಸಾಲಾಗಿ ನಿಂತ ಗೀಟುಗಳು! ಮೇಷ್ಟ್ರು ಬಹಳ ಹೊತ್ತು ನೋಡಿ, “ಇದು ರೋಮಿನದಲ್ಲ. ಈ ಕಡೆಯ ಯಾರೋ ನೋಡಿ ನೋಡಿ ಮಾಡಿದ್ದು” ಎಂದರು. ಸೆರಗು ಬಾಯಿಗೊತ್ತಿಕೊಂಡು ನೀನು ನಕ್ಕ ನಗು...

“ಎಳುತ್ತು, ಅಕ್ಷರ ಗೊತ್ತಿಲ್ದವ್ನು, ನನ್ನಂಗೆ. ಆದ್ರೂ ಎಷ್ಟ್ ಚೆಂದಾಗ್ ಮಾಡವ್ನೆ ನೋಡು.”

ಮಡಕೆ ಒಪ್ಪಿಸಲು ತಾಲೂಕು ಕಚೇರಿಗೆ ಹೋದ ದಿನ ಧಾರೆಸೀರೆ ಉಟ್ಟುಕೊಂಡು ಬಂದಿದ್ದೆಯಲ್ಲ! ಗುಮಾಸ್ತ ಹೆಬ್ಬೆಟ್ಟು ಒತ್ತಿ ಎಂದ. ಒತ್ತಿದೆ. ಆಮೇಲೆ ಶಾಯಿ ಮೆತ್ತಿದ ಅದೇ ಬೆರಳಿನಿಂದ ಅವನಿಗೆ ಅಗಸ್ಟಸ್ ಯಾರು, ಟಿಬೇರಿಯಸ್ ಯಾರು ಎಂದು ತೋರಿಸತೊಡಗಿದೆ. ಅವನ ಊಟದ ಹೊತ್ತು ಮುಗಿದುಹೋಯಿತು.

ನನ್ನ ಎಂ.ಎ. ಫಲಿತಾಂಶ ಬರುವಷ್ಟರಲ್ಲಿ ನೀನು... ಇರಲಿ. ಸುದ್ದಿ ಕೇಳು. ನನಗೆ ಮ್ಯೂಸಿಯಂನಲ್ಲಿ ಕೆಲಸವಾಗಿದೆ, ನಾಣ್ಯಗಳ ವಿಭಾಗದಲ್ಲೇ. ಹೋದ ವಾರ ಪಲ್ಲಡಂ ಹತ್ತಿರ ಮಗ್ಗದ ಶೆಡ್ಡಿಗೆ ಪಾಯ ತೋಡುವಾಗ ನಾಣ್ಯ ಸಿಕ್ಕವೆಂದು ನನ್ನೊಬ್ಬಳನ್ನೇ ಕಳಿಸಿದರು. ಮಗ್ಗದ ಹೆಂಗಸರು ಸುತ್ತ ಕೂತಿದ್ದರು. ಮೊದಲು ಕೈಗೆ ಬಂದದ್ದೇ ನಾವಿಬ್ಬರೂ ನೋಡಿರದ ಮುಖ: ಉದ್ದನೆಯ ಕತ್ತು, ಅಗಲ ಕಿವಿ. ಭೂತಗನ್ನಡಿ ತೆಗೆದೆ. ಒಂದೊಂದೇ ಅಕ್ಷರ ಗಟ್ಟಿಯಾಗಿ ಓದಿದೆ. ಕ್ಲಾಡಿಯಸ್.

ಟಿಬೇರಿಯಸ್ಸನ ತಮ್ಮನ ಮಗ. ನಮ್ಮ ಲೆಕ್ಕದಲ್ಲಿ ಅವನು ಇವನಿಗೆ ದೊಡ್ಡಪ್ಪ ಆಗಬೇಕು, ದೊಡ್ಡಮ್ಮ.

ನಿನ್ನ ಅಮ್ಮಣಿ