ಎರಡು ಬಡಿದರೆ ರೈಟ್

ಉಚ್ಚಿಲ
21 ಸೆಪ್ಟೆಂಬರ್ 2003

ಪ್ರೀತಿಯ ಮಗಳು ಫರ್ಝಾನಾಳಿಗೆ ನಿನ್ನ ಬಾಪನ ಸಲಾಂ.

ಇಲ್ಲಿ ಅಲ್ಲಾಹನ ದಯೆಯಿಂದ ಎಲ್ಲರೂ ಇದ್ದೇವೆ. ಶಾರ್ಜಾದಲ್ಲಿ ನೀನು, ಅಳಿಯ, ಹೊಟ್ಟೆಯೊಳಗಿನ ಪುಟ್ಟ ಯಜಮಾನರು ಹೇಗಿದ್ದೀರಿ? ಐದು ತಿಂಗಳಿಂದ ಫೋನಿಗೂ ಬಾರದ, ಒಂದು ಸಾಲೂ ಬರೆಯದ ಬಾಪನ ಮೇಲೆ ನಿನಗೆ ಸಿಟ್ಟೆಂದು ಉಮ್ಮ ಹೇಳಿದಳು. ಸಿಟ್ಟು ಸರಿಯೇ, ತಪ್ಪು ನನ್ನದೇ. ಆದರೆ ಮೊನ್ನೆ ಶುಕ್ರವಾರ ಫೋನ್ ಕಟ್ ಮಾಡಿದ್ದು ನಾನಲ್ಲ ಮಾರಾಯ್ತಿ! ಆ ಕಥೆ ಆಮೇಲೆ ಹೇಳುತ್ತೇನೆ.

ಮೊದಲು ಕುಳಿತುಕೋ. ಏಪ್ರಿಲ್‌ನಲ್ಲಿ ನನ್ನ ಗಂಟಲಲ್ಲಿ ಗಡ್ಡೆ ಕಾಣಿಸಿತು. ಮಣಿಪಾಲದಲ್ಲಿ ಆಪರೇಷನ್ ಆಯಿತು. ಗಡ್ಡೆಯೂ ಹೋಯಿತು, ಜೊತೆಗೆ ಸ್ವರವೂ ಹೋಯಿತು. ಹೆದರಬೇಡ, ಹೋದ ವಾರ ನೋಡಿದ ಡಾಕ್ಟರು ಎಲ್ಲ ಸರಿಯಿದೆ ಎಂದಿದ್ದಾರೆ. ಆಸ್ಪತ್ರೆಯಿಂದ ಬಂದ ವಾರವೇ ನಿನ್ನ ಸಿಹಿಸುದ್ದಿ ಬಂತು. ಬಸುರಿ ಹುಡುಗಿಗೆ ಇದನ್ನು ಹೇಳಬೇಡವೆಂದು ಚೀಟಿ ಬರೆದು ಉಮ್ಮನ ಬಾಯಿ ಮುಚ್ಚಿಸಿದವನು ನಾನೇ.

ಇಪ್ಪತ್ತಾರು ವರ್ಷ ‘ಉದ್ಯಾವರ, ಕಟಪಾಡಿ, ಕಾಪು, ಉಚ್ಚಿಲ’ ಎಂದು ಕೂಗಿದ ಕಂಡಕ್ಟರ್ ನಾನು. ಸ್ವರವಿಲ್ಲದ ಕಂಡಕ್ಟರ್ ಯಾರಿಗೆ ಬೇಕು? ನಾಲ್ಕು ತಿಂಗಳು ಜಗುಲಿಯಲ್ಲಿ ಕುಳಿತು ಗೋಡೆ ನೋಡಿದೆ. ಒಂದು ದಿನ ನಮ್ಮ ಬಸ್ಸಿನ ಡ್ರೈವರ್ ಲಿಯೋನೆಲ್ ಬಂದ. ‘ಎಂತ ಕಾಸಿಮಾಕ, ಮನೆಯಲ್ಲಿ ಕೂತು ಮೊಟ್ಟೆ ಇಡುವುದಾ? ಸ್ವರ ಹೋದರೆ ಹೋಗಲಿ, ಕೈ ಉಂಟಲ್ವಾ! ನನಗೆ ಬೇಕಾದದ್ದು ಹೋಲ್ಡಾನ್, ರೈಟ್ ಎರಡೇ. ಉಳಿದದ್ದೆಲ್ಲ ನೀವು ಕೂಗಿದ್ದು ನಿಮ್ಮ ಖುಷಿಗೆ ಮಾರಾಯ್ರೆ’ ಎಂದ.

ನನಗೆ ಎಲ್ಲಿಲ್ಲದ ಕೋಪ ಬಂತು. ಆದರೂ ಮರುದಿನ ಬೆಳಿಗ್ಗೆ ಟಿಕೆಟ್ ಚೀಲ ಹೆಗಲಿಗೆ ಹಾಕಿಕೊಂಡು ಹೊರಟೆ. ಈಗ ಬಸ್ಸಿನ ತಗಡಿಗೆ ಒಮ್ಮೆ ಬಡಿದರೆ ಹೋಲ್ಡಾನ್, ನಿಲ್ಲಿಸು; ಎರಡು ಬಡಿದರೆ ರೈಟ್, ಮುಂದೆ ಹೋಗು. ಸ್ಟಾಪಿನ ಹೆಸರನ್ನು ಪ್ರಯಾಣಿಕರೇ ಕೂಗುತ್ತಾರೆ. ಮೀನು ಬುಟ್ಟಿಯ ಹೆಂಗಸರಂತೂ ನನಗಿಂತ ಜೋರು. ಮೊದಲ ದಿನ ನಾಚಿಕೆಯಿಂದ ಸತ್ತೇಹೋದೆ. ಈಗ ಅನಿಸುತ್ತದೆ, ಮೊದಲು ಒಬ್ಬನೇ ಕಂಡಕ್ಟರ್ ಇದ್ದ ಬಸ್ಸಿಗೆ ಈಗ ನಲವತ್ತು ಜನ ಕಂಡಕ್ಟರ್! ಚಿಲ್ಲರೆಗಾಗಿ ಜಗಳ ತೆಗೆಯುವವರೂ ಸೋತಿದ್ದಾರೆ. ತಿರುಗಿ ಬೈಯದವನ ಹತ್ತಿರ ಎಷ್ಟು ಹೊತ್ತು ಕೂಗಿಯಾರು? ಉಮ್ಮನೂ, ‘ಅಬ್ಬಾ, ಮೂವತ್ತು ವರ್ಷಕ್ಕೆ ಮಾತಾಡಲಿಕ್ಕೆ ನನ್ನ ಸರದಿ ಬಂತು’ ಎನ್ನುತ್ತಾಳೆ. ಆಮೇಲೆ ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಳ್ಳುವುದು ನನಗೆ ಗೊತ್ತಿಲ್ಲವೆಂದುಕೊಂಡಿದ್ದಾಳೆ.

ಈಗ ಶುಕ್ರವಾರದ ಕಥೆ ಕೇಳು. ಪಕ್ಕದ ಅಂಗಡಿಗೆ ನಿನ್ನ ಫೋನ್ ಬಂದಾಗ ಉಮ್ಮ ಮನೆಯಲ್ಲಿರಲಿಲ್ಲ. ನಾನೇ ಓಡಿಹೋಗಿ ಎತ್ತಿದೆ. ಬಾಪ ಬಂದರೆಂದು ಅಂಗಡಿಯವರು ಹೇಳಿದ್ದರಿಂದ ‘ಬಾಪಾ, ಬಾಪಾ’ ಎನ್ನುತ್ತಿದ್ದೆ ನೀನು. ಕೇಳುತ್ತಿದ್ದೇನೆ, ಮುಂದೆ ಹೇಳು ಎನ್ನಲು ಕೈಯಲ್ಲಿದ್ದ ನಾಣ್ಯದಿಂದ ರಿಸೀವರಿಗೆ ಎರಡು ಸಲ ಬಡಿದೆ. ರೈಟ್ ಕೊಟ್ಟೆ! ಬಾಪ ಫೋನ್ ಕುಕ್ಕಿದರೆಂದುಕೊಂಡು ನೀನು ಇಟ್ಟುಬಿಟ್ಟೆ. ನೀನೇನು ಲಿಯೋನೆಲನೇ, ನಿನಗೆ ಹೇಗೆ ಅರ್ಥವಾಗಬೇಕು? ಆ ದಿನ ನನಗೆ ಊಟ ಸೇರಲಿಲ್ಲ.

ಮುಂದಿನ ತಿಂಗಳು ಹೆರಿಗೆಗೆ ಬಂದಾಗ ನನ್ನ ಕುತ್ತಿಗೆಯ ತೂತು ನೋಡಿ ಅಳಬೇಡ. ಉಸಿರಾಡಲು ಡಾಕ್ಟರು ಇಟ್ಟ ಕಿಟಕಿ ಅದು. ನಿನ್ನ ಮದುವೆಗೆ ನಾನು ಹೊದ್ದ ಬಿಳಿ ಶಾಲನ್ನು ಅದರ ಮೇಲೆ ಸುತ್ತಿಕೊಂಡಿರುತ್ತೇನೆ. ಅದನ್ನು ನೋಡಿ ಲಿಯೋನೆಲ್ ನನ್ನನ್ನು ಮದುಮಗ ಎಂದೇ ಕರೆಯುವುದು. ಚೆನ್ನಾಗಿ ತಿನ್ನು, ಭಾರ ಎತ್ತಬೇಡ. ನಿನ್ನನ್ನೂ ಮಗುವನ್ನೂ ಅಲ್ಲಾಹನು ಸುಖವಾಗಿ ನಮ್ಮ ಮನೆ ಬಾಗಿಲಿಗೆ ಮುಟ್ಟಿಸಲಿ.

ನಿನ್ನ ಬಾಪ,
ಕಾಸಿಂ

ಮತ್ತೊಂದು ಮಾತು: ಮಗು ಹುಟ್ಟಿದ ಕೂಡಲೇ ಅದರ ಕಿವಿಯಲ್ಲಿ ಬಾಂಗ್, ಆ ನಮಾಜಿನ ಕರೆ, ಹೇಳುವುದು ಬಾಪನೇ ಎಂದು ಉಮ್ಮನ ಹತ್ತಿರ ಹಟ ಹಿಡಿದಿದ್ದೀಯಂತೆ. ನಿನ್ನ ಕಿವಿಯಲ್ಲೂ ನಾನೇ ಹೇಳಿದ್ದೆ. ನನ್ನ ಒರಟು ಸ್ವರಕ್ಕೆ ಹೆದರಿ ನೀನು ಅತ್ತಿದ್ದೆ. ದಿನವೂ ಕನ್ನಡಿಯ ಮುಂದೆ ನಿಂತು ಪ್ರಯತ್ನಿಸುತ್ತೇನೆ. ತುಟಿ ಅಲ್ಲಾಡುತ್ತದೆ, ಗಾಳಿ ಕುತ್ತಿಗೆಯಿಂದಲೇ ಹೋಗಿಬಿಡುತ್ತದೆ. ಬಸ್ಸಿಗೆ ಸ್ವರ ಬೇಡ ಮಗಳೇ, ಇದೊಂದಕ್ಕೆ ಬೇಕಿತ್ತು. ಬಾಂಗ್ ನಿನ್ನ ಅಣ್ಣ ಶಾಹುಲ್ ಹೇಳಲಿ. ಮಗು ಮಾತ್ರ ನನ್ನ ಕೈಯಲ್ಲಿರಲಿ. ಅವನು ಹೇಳಿ ಮುಗಿಸಿದ ಮೇಲೆ ಅದರ ಬೆನ್ನಿಗೆ ಮೆಲ್ಲನೆ ಎರಡು ಸಲ ತಟ್ಟುತ್ತೇನೆ.