ಕಾಟ್ಟಿಕುಳದಲ್ಲಿ ದನಿ ಬಂದ ಕೈಗಡಿಯಾರ

ಕಾಟ್ಟಿಕುಳಂ, ವಯನಾಡು
ಬುಧವಾರ

ಅಪ್ಪಾಜಿಗೆ ಕುಸುಮಾಳ ನಮಸ್ಕಾರ.

ನಿಮ್ಮ ಕೈ ನಡುಗುತ್ತದೆಂದು ಈ ಸಲ ನನ್ನನ್ನು ಕಳಿಸಿದಿರಲ್ಲ, ಆ ರಿಪೇರಿ ಮುಗಿಯಿತು. ಮೆಣಸಿನ ವ್ಯಾಪಾರಿ ಶಿವನಂಜಪ್ಪನವರಿಗೆ ಕಣ್ಣು ಕಾಣದು. ಅವರ ಸ್ವಿಸ್ ಗಡಿಯಾರದ ಪಕ್ಕದ ಗುಂಡಿ ಜಾರಿಸಿದರೆ ಆಗ ಗಂಟೆ ಎಷ್ಟು, ನಿಮಿಷ ಎಷ್ಟು ಎಂದು ಬೇರೆ ಬೇರೆ ದನಿಯಲ್ಲಿ ಹೊಡೆದು ಹೇಳಬೇಕು. ಅದು ಎರಡು ವರ್ಷದಿಂದ ಮೂಕವಾಗಿತ್ತು. ಹಳೆಯ ಎಣ್ಣೆ ಗಟ್ಟಿಯಾಗಿ ಒಳಗಿನ ಪುಟ್ಟ ಸುತ್ತಿಗೆ ಅಂಟಿಕೊಂಡಿತ್ತು. ಕೂದಲಿನಂಥ ಸ್ಪ್ರಿಂಗ್ ಮುರಿದರೆ ಬೇರೆ ಸಿಗದೆಂದು ಹೆದರಿಕೊಂಡೇ ಮೂರು ದಿನ ಕೂತು ಬಿಡಿಸಿದೆ.

ಯಾರ ಕಣ್ಣಿಗೂ ಬೀಳದ ಒಳತಗಡಿನ ಮೇಲೂ ಹೂಬಳ್ಳಿ ಕೆತ್ತಿದ್ದಾರೆ, ಅಪ್ಪಾಜಿ. ಅದನ್ನು ಅವರಿಗೆ ಹೇಳಿದೆ.

"ಇಪ್ಪತ್ತು ವರ್ಷದಿಂದ ಕಟ್ತಿದೀನಿ ಮೋಳೇ, ಒಬ್ರೂ ಹೇಳ್ಲಿಲ್ಲ," ಎಂದರು. ಇಲ್ಲಿ ಮಗಳನ್ನು ಮೋಳೇ ಎಂದೇ ಕರೆಯುತ್ತಾರೆ.

ಆಮೇಲೆ ಗುಂಡಿ ಜಾರಿಸಿ ಕಿವಿಗೆ ಹಿಡಿದರು. ಹನ್ನೊಂದು ಹೊಡೆಯಿತು. ಅಭ್ಯಾಸದಂತೆ ಹೆಂಡತಿ ಸರೋಜಮ್ಮ ಒಳಗಿನಿಂದ, "ಹನ್ನೊಂದಾಯ್ತು, ಮಾತ್ರೆ ತಗೊಳ್ಳಿ," ಎಂದು ಕೂಗಿದರು.

"ನಂಗೆ ಗೊತ್ತು ಕಣೇ," ಎಂದು ನಕ್ಕರು. ಸರೋಜಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡರು.

ನನ್ನ ನೆಗಡಿ ಬಿಟ್ಟಿದೆ. ನಿಮ್ಮ ಮಾತ್ರೆ ತಪ್ಪಿಸಬೇಡಿ. ಮಾನಂತವಾಡಿಯಲ್ಲಿ ಶಿವನಂಜಪ್ಪನವರ ಸ್ನೇಹಿತರ ಗಡಿಯಾರವೊಂದು ಕೆಟ್ಟಿದೆಯಂತೆ. ನಿಮ್ಮನ್ನು ಕೇಳದೆಯೇ ಒಪ್ಪಿಕೊಂಡುಬಿಟ್ಟೆ. ಬಸ್ಸು ಬಂತು.

ನಿಮ್ಮ ಕುಸುಮಾ