ಏಳು ದಿನವೂ ಸೋಮವಾರ

ಮಾರ್ಚ್ 4, ಸೋಮವಾರ

ಇವತ್ತೂ ಎರಡು ಕ್ಲಾಸಿಗೆ ಚಕ್ಕರ್. ಆದರೆ ಪ್ರಾಜೆಕ್ಟ್ ಮುಗಿಯಿತು — ಮಾತ್ರೆ ನೆನಪಿಸುವ ಆ್ಯಪ್! ಬೆಳಿಗ್ಗೆಯೇ ದೊಡ್ಡಮ್ಮನ ಫೋನಿಗೆ ಹಾಕಿಕೊಟ್ಟೆ. ಅವಳ ಸಂಧಿವಾತಕ್ಕೆ ಎರಡು ಬಗೆಯ ಮಾತ್ರೆ ಇವೆ. ಬಿಳಿಯದು ಸೋಮವಾರ ಮಾತ್ರ, ವಾರಕ್ಕೆ ಒಂದೇ ಒಂದು. ಉಳಿದ ಆರು ದಿನ ಹಳದಿ. 'ಬಿಳೀದು ತುಂಬಾ ಸ್ಟ್ರಾಂಗು, ಜೋಪಾನ' ಅಂದಿದ್ದರು ಡಾಕ್ಟರು.

ಸರಿಯಾಗಿ ಎಂಟಕ್ಕೆ ಫೋನಿನಲ್ಲಿ ನನ್ನದೇ ದನಿ — 'ದೊಡ್ಡಮ್ಮಾ, ಇವತ್ತು ಬಿಳಿ ಮಾತ್ರೆ. ತಗೊಂಡ್ಯಾ?' ದೊಡ್ಡಮ್ಮ ಹೊಲಿಗೆ ಮಷಿನ್ ಬಿಟ್ಟೆದ್ದು ಫೋನಿಗೇ ಉತ್ತರ ಕೊಟ್ಟಳು. 'ತಗೋತೀನಿ ಕಣೇ, ಬೊಬ್ಬೆ ಹೊಡೀಬೇಡ.'

ನನ್ನ ಬೆಂಚಿನ ಗೆಳತಿಗೆ 'ಸೆಮಿಕೋಲನ್' ಎಂದೇ ಹೆಸರು. ಪ್ರೋಗ್ರಾಂ ಬರೆಯುವಾಗ ಸಾಲಿನ ಕೊನೆಗೆ ಅದನ್ನು ಹಾಕಲು ಸದಾ ಮರೆಯುತ್ತಾಳೆ. ಅವಳಿಗೆ ಅನುಮಾನ. 'ಏಳೂ ದಿನಕ್ಕೆ ಟೆಸ್ಟ್ ಮಾಡಿದ್ಯೇನೇ?'

'ಅನ್ನ ಬೆಂದಿದ್ಯಾ ಅಂತ ನೋಡೋಕೆ ಒಂದು ಅಗುಳು ಸಾಕು' ಅಂದೆ. ಬುದ್ಧಿ ಹೇಳಿಸಿಕೊಳ್ಳುವುದಾದರೂ ಯಾರಿಂದ, ಸೆಮಿಕೋಲನ್ ಮರೆಯುವವಳಿಂದ!

ಮಾರ್ಚ್ 7, ಗುರುವಾರ

ಗೈಡ್ ಮೇಡಂಗೆ ಹಿಡಿಸಿದೆ. ಮಂಗಳವಾರ ಹತ್ತಕ್ಕೆ ಡೆಮೊ. ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾಡುವ ಕಂಪನಿಯವರು ಬರುತ್ತಾರಂತೆ. ಮೊದಲ ವರ್ಷದಿಂದ ಕಾಯುತ್ತಿರುವುದು ಅದೇ ಕೆಲಸಕ್ಕೆ. ದಿನಾ ಏಳಕ್ಕೇ ಲ್ಯಾಬಿಗೆ ಓಡುತ್ತಿದ್ದೇನೆ.

ಸಂಜೆ ದೊಡ್ಡಮ್ಮ ಅಡುಗೆಮನೆಯಿಂದ ಕೇಳಿದಳು. 'ಪುಟ್ಟೀ, ಈ ಫೋನು ದಿನಾ ಕೂಗುತ್ತಲ್ಲೇ. ಸರೀನಾ?'

'ದಿನಾ ಕೂಗ್ಬೇಕು ದೊಡ್ಡಮ್ಮ. ಅದಿರೋದೇ ಅದಕ್ಕೆ.' ಕಿವಿಯಲ್ಲಿ ಹಾಡು. ತಲೆ ಎತ್ತಿಯೂ ನೋಡಲಿಲ್ಲ.

ಮಾರ್ಚ್ 10, ಭಾನುವಾರ

ಲ್ಯಾಬಿನಿಂದ ಬಂದಾಗ ದೊಡ್ಡಮ್ಮ ಮಲಗಿದ್ದಳು. ಹಗಲಲ್ಲಿ ಮಲಗುವವಳೇ ಅಲ್ಲ. ಬಾಯಿ ತುಂಬಾ ಹುಣ್ಣು. 'ಉಷ್ಣ ಕಣೇ, ಇಳಿಯುತ್ತೆ.' ಯಾಕೋ ಕಸಿವಿಸಿ. ಡೆಮೊ ಮುಗಿಯಲಿ, ಡಾಕ್ಟರ ಹತ್ತಿರ ಹೋಗೋಣ ಅಂದೆ.

ಮಾರ್ಚ್ 12, ಮಂಗಳವಾರ, ಬೆಳಿಗ್ಗೆ 7.40

ದೊಡ್ಡಮ್ಮ ಹಲ್ಲುಜ್ಜಿ ಉಗಿದಾಗ ರಕ್ತ. ಹುಣ್ಣಿಗೆ ಹಚ್ಚಲು ಏನಾದರೂ ಇದೆಯಾ ಎಂದು ಮಾತ್ರೆ ಡಬ್ಬಿ ತೆಗೆದೆ.

ಹಳದಿ ಸ್ಟ್ರಿಪ್ — ಹತ್ತಕ್ಕೆ ಹತ್ತೂ ಹಾಗೇ ಇವೆ.

ಬಿಳಿ — ಹತ್ತರಲ್ಲಿ ಎರಡೇ ಉಳಿದಿವೆ.

ಎಂಟು ದಿನ, ಎಂಟು ಮಾತ್ರೆ. ಲ್ಯಾಪ್‌ಟಾಪ್ ತೆರೆದೆ. ನಲವತ್ತೊಂದನೇ ಸಾಲು. ಎರಡು ಈಕ್ವಲ್ಸ್ ಚಿಹ್ನೆ (==) ಇರಬೇಕಾದ ಕಡೆ ಒಂದೇ (=) ಹಾಕಿದ್ದೇನೆ. ಎರಡಿದ್ದರೆ ಅದು ಪ್ರಶ್ನೆ: ಇವತ್ತು ಸೋಮವಾರವೇ? ಒಂದಿದ್ದರೆ ಅಪ್ಪಣೆ: ಇವತ್ತು ಸೋಮವಾರ! ಎಲ್ಲ ದಿನವೂ ಸೋಮವಾರ. ನಾನು ಪರೀಕ್ಷೆ ಮಾಡಿದ್ದೂ ಸೋಮವಾರವೇ. ಬೆಂದಿದ್ದ ಒಂದೇ ಅಗುಳನ್ನು ಹಿಸುಕಿ ನೋಡಿದ್ದೆ.

ಸಾಲು ತಿದ್ದಿದೆ. ತಿದ್ದಿ ಏನು ಬಂತು? ಎಂಟರೊಳಗೆ ದೊಡ್ಡಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೊರಡಬೇಕು.

ಅದೇ ದಿನ, ಮಧ್ಯಾಹ್ನ 3, ವಾರ್ಡು

ಅಡ್ಮಿಟ್ ಮಾಡಿಕೊಂಡರು. ರಕ್ತದ ಕಣ ಇಳಿದಿವೆಯಂತೆ. ಡೆಮೊ ಮುಗಿದಿರಬೇಕು. ಸೆಮಿಕೋಲನ್ ಆರು ಸಲ ಫೋನ್ ಮಾಡಿದಳು. ಎತ್ತಲಿಲ್ಲ.

ಡಾಕ್ಟರು ಕೇಳಿದರು. 'ವಾರದ ಮಾತ್ರೆ ಹೆಚ್ಚಿಗೆ ತಗೊಂಡ್ರಾ? ಎಷ್ಟು ಅನ್ನೋದು ಮುಖ್ಯ. ಇಂಜೆಕ್ಷನ್ ಎಷ್ಟು ಕೊಡ್ಬೇಕು ಅನ್ನೋದು ಅದರ ಮೇಲೇ.'

ದಾರಿಯಲ್ಲೇ ದೊಡ್ಡಮ್ಮನಿಗೆ ಎಲ್ಲ ಹೇಳಿದ್ದೆ. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ ಅಂದಳು, 'ವಯಸ್ಸಾಯ್ತಲ್ಲ ಡಾಕ್ಟ್ರೇ, ಮರೆವು. ಎರಡೋ ಮೂರೋ ಜಾಸ್ತಿ ನುಂಗಿರ್ಬೇಕು.' ಹೊದಿಕೆಯ ಕೆಳಗೆ ನನ್ನ ಕೈ ಗಟ್ಟಿಯಾಗಿ ಹಿಡಿದಿದ್ದಳು.

ನಾನು ತಿದ್ದಲಿಲ್ಲ. ಅಮ್ಮ ಹೋದ ದಿನದಿಂದ ಇವಳೇ ಸಾಕಿದವಳು. ಆದರೂ ಎಂಟು ಅನ್ನಲಿಲ್ಲ. ಕಾಲೇಜಿಗೆ ಗೊತ್ತಾದರೆ? ಆ ಕಂಪನಿಯ ಕೆಲಸಕ್ಕೆ ನನ್ನನ್ನು ಯಾರು ಸೇರಿಸಿಕೊಳ್ಳುತ್ತಾರೆ? ಇಂಥ ಹೊತ್ತಿನಲ್ಲೂ ನನ್ನ ಬಗ್ಗೆಯೇ ಯೋಚನೆ. ಥೂ.

ಮಾರ್ಚ್ 13, ಬುಧವಾರ, ಬೆಳಿಗ್ಗೆ 7.50

ದೊಡ್ಡಮ್ಮನಿಗೆ ಜ್ವರ. ತುಟಿ ಅಲುಗಿಸಲೂ ಕಷ್ಟ. ಇಂಜೆಕ್ಷನ್ ಕೆಲಸ ಮಾಡುತ್ತಿಲ್ಲ ಅನ್ನುತ್ತಾಳೆ ನರ್ಸ್. ಯಾಕೆ ಅಂತ ನನಗೆ ಗೊತ್ತು. ಹೇಳಬಲ್ಲವಳು ಈಗ ನಾನೊಬ್ಬಳೇ. ಡಾಕ್ಟರ ರೌಂಡ್ಸ್ ಎಂಟಕ್ಕೆ. ಹೇಳಬೇಕು... ಹೇಳುತ್ತೇನೆ...

8.00

ನಿನ್ನೆ ಸಂಜೆ ಬಟ್ಟೆಯ ಜೊತೆ ದೊಡ್ಡಮ್ಮನ ಫೋನನ್ನೂ ತಂದಿದ್ದೆ. ತಿದ್ದಿದ್ದು ಲ್ಯಾಪ್‌ಟಾಪಿನಲ್ಲಿ ಮಾತ್ರ. ಫೋನಿನಲ್ಲಿ ಇರುವುದು ಹಳೆಯದೇ. ಈಗ ಬ್ಯಾಗಿನೊಳಗಿಂದ, ಇಡೀ ವಾರ್ಡಿಗೆ ಕೇಳುವಂತೆ — 'ದೊಡ್ಡಮ್ಮಾ, ಇವತ್ತು ಬಿಳಿ ಮಾತ್ರೆ. ತಗೊಂಡ್ಯಾ?'

ಕಣ್ಣು ತೆರೆಯಲಿಲ್ಲ ಅವಳು. ಜ್ವರದ ಮಂಪರಿನಲ್ಲೇ ಕೈ ದಿಂಬಿನ ಪಕ್ಕ ಮಾತ್ರೆ ತಡಕಾಡುತ್ತಿದೆ. 'ತಗೋತೀನಿ ಕಣೇ...' ಅನ್ನುತ್ತಿದ್ದಾಳೆ.

ಬಾಗಿಲಲ್ಲಿ ಡಾಕ್ಟರು. ಎದ್ದೆ. 'ಎರಡೂ ಅಲ್ಲ, ಮೂರೂ ಅಲ್ಲ. ಎಂಟು ದಿನಕ್ಕೆ ಎಂಟು. ಮರೆವು ಅವಳದಲ್ಲ ಡಾಕ್ಟ್ರೇ, ಎಂಟೂ ನಾನೇ ಕರೆದು ಕರೆದು ನುಂಗಿಸಿದ್ದು—'